ಷರಾ

ಅನುದಾನದಲ್ಲಿ ಬಂದ ಬಾಂಬ್ ಸೂಟು,
ಮೂವತ್ತೈದು ಕೆಜಿ, ಒಂದೇ ಅಳತೆ.
ಮಂಡ್ಯದ ನಮ್ಮ ಠಾಣೆಯಲ್ಲಿ ಅದನ್ನು ತುಂಬುವವನು
ಜವರಯ್ಯ ಒಬ್ಬನೇ.
ತೊಡಿಸಿದೆವು. ಬಳಕೆ ಪ್ರಮಾಣಪತ್ರಕ್ಕೆ ಫೋಟೋ ಬೇಕಿತ್ತು.
ಗಾಜಿನ ಹಿಂದಿನಿಂದ ಏನೋ ಅಂದ, ಕೇಳಿಸಲಿಲ್ಲ.
ಕಳಚಿದಾಗ, ಆಲೆಮನೆ ಒಲೆ ಮುಂದಿಂದ ಎದ್ದವನ ಹಾಗೆ ಬೆವರುತ್ತಾ,
"ನನ್ ಉಸ್ರೊಂದೇ ಕೇಳ್ತಿತ್ತು ಕನ್ರಲಾ" ಅಂದ.

ಅದೇ ಸಂಜೆ ನಾಲೆಗೆ ಕಾರು ಬಿತ್ತು.
ಹಗ್ಗ ಹಳೆಯದೇ, ಮೂರು ಕಡೆ ಗಂಟು.
ಚಡ್ಡಿಯಲ್ಲೇ ಇಳಿದ ಜವರಯ್ಯ.
ಏರಿಯ ಮೇಲೆ ಟಾರ್ಚು ಹಿಡಿದಿದ್ದ
ಕಬ್ಬಿನ ಗಾಡಿಯವರೂ ಸುಮ್ಮನಾದರು.
ಗಂಟೊಂದೊಂದೇ ಅಂಗೈ ದಾಟಿ ನೀರಿಗಿಳಿಯಿತು,
ಒಂದು. ಎರಡು.
ಮೂರನೆಯದು ಬಹಳ ಹೊತ್ತು ಕೈಯಲ್ಲೇ ಇತ್ತು.

ರಾತ್ರಿ ದಾಸ್ತಾನು ಪುಸ್ತಕದ ಷರಾ ಕಲಮಿನಲ್ಲಿ ಬರೆದೆ:
ಸೂಟು ಸುಸ್ಥಿತಿಯಲ್ಲಿದೆ.
ಹಗ್ಗಕ್ಕೆ ಅದರಲ್ಲಿ ಪುಟವಿಲ್ಲ.