ಉಪ್ಪು ತಿಂದ ಕಂಬಿ

ಉಪ್ಪು ತಿಂದದ್ದು ನೀರು ಕುಡಿಯಲೇಬೇಕು, ಖ್ವಾ,
ಮೊದಲು ಪೈಪು ಹಿಡಿ.
ಬ್ರಷ್ಷು ಚೀಲದಲ್ಲೇ ಇರಲಿ.
ಆ ಕೊನೆಯ ಮೆಟ್ಟಿಲು ದಾಟಿ ಬಾ, ಮರಳು ತುಳಿಯಬೇಡ,
ನೀರನ್ನೂ ಆ ಕಡೆ ತಿರುಗಿಸಬೇಡ,
ಯಾಕೆಂದು ಆಮೇಲೆ ಹೇಳುತ್ತೇನೆ.

ಬಿಲಾಕ್ಸಿಯ ಈ ಬೀದಿಯಲ್ಲಿ ಗಾಳಿಗೂ ನಾಲಗೆಯಿದೆ.
ಹಗಲೂ ರಾತ್ರಿ ನೆಕ್ಕುತ್ತದೆ
ಕಂಬಿ, ಕಂಬ, ಗೇಟಿನ ಚಿಲಕ, ನಿಂತ ಕಾರಿನ ಮೂತಿ.
ಮೇಲಿನಿಂದ ಕೆಳಕ್ಕೆ ಬಿಡು ಸಿಹಿನೀರು,
ಕಂಬಿಯ ಹೊಟ್ಟೆಯಡಿಗೂ ಬಿಡು.
ಮಳೆ ತೊಳೆಯದ ಜಾಗ ಅದು,
ಕೆಡುವುದೆಲ್ಲ ಅಲ್ಲಿಂದಲೇ ಶುರು.
ನನ್ನಪ್ಪ ಸೀಗಡಿ ದೋಣಿಗೆ ಬಳಿಯುವಾಗ
ಯಾರಿಗೂ ಕಾಣದ ಅಡಿಭಾಗಕ್ಕೆ ಒಂದು ಕೋಟು ಹೆಚ್ಚಿಗೆ.
ಕೇಳಿದರೆ, ಮೀನು ನೋಡುತ್ತದೆ, ಅನ್ನುತ್ತಿದ್ದ.

ಈಗ ಅಂಗೈಯಲ್ಲಿ ಸವರು.
ಬೆಳ್ಳಗೆ ಹತ್ತಿತೆ?
ಬೆಳ್ಳಗಿರುವುದೆಲ್ಲ ಬಣ್ಣವಲ್ಲ.
ಕಬ್ಬಿಣ ನೊಂದರೆ ಕೆಂಪಗೆ ಕೂಗಿ ಬೀದಿಗೆಲ್ಲ ಸಾರುತ್ತದೆ;
ಅಲ್ಯೂಮಿನಿಯಂ ಹಾಗಲ್ಲ,
ಒಳಗೊಳಗೇ ಹಿಟ್ಟಾಗುತ್ತದೆ,
ಮೇಲಿನ ಬಣ್ಣ ನಗುತ್ತಲೇ ಇರುತ್ತದೆ.
ಇಲ್ಲಿ, ಈ ಗುಳ್ಳೆಯ ಪಕ್ಕ
ಹುಳು ಹರಿದಂಥ ಗೆರೆ ಕಂಡೆಯಾ?
ಹುಳುವಿಲ್ಲ. ಒಂದು ಹನಿ ಉಪ್ಪುನೀರು
ಬಣ್ಣದ ಕೆಳಗೆ ದಾರಿ ಹುಡುಕಿಕೊಂಡು ಹೋದದ್ದು.

ಉಕ್ಕಿನ ನಾರು ಬೇಡ, ಕೆಳಗಿಡು.
ಹೋದ ಸಲ ಬಂದವರು ಅದರಲ್ಲೇ ತಿಕ್ಕಿದ್ದರು;
ಕೂದಲೆಳೆಯಂಥ ಚೂರು ಸಿಕ್ಕಿಕೊಂಡು, ತುಕ್ಕು ಹಿಡಿದು,
ಮೂರೇ ತಿಂಗಳಿಗೆ ಕಂಬಕ್ಕೆ ದಡಾರ ಎದ್ದ ಹಾಗಾಗಿತ್ತು.
(ಬಂದವಳು ನಾನೇ. ಮನೆಯಾಕೆಗೆ ಗೊತ್ತು.
ಆಕೆ ಎತ್ತಿಲ್ಲ, ನಾನೂ ಕೆದಕಿಲ್ಲ.)

ನುಣುಪು ಮರಳುಕಾಗದ ತಗೋ.
ಹೊಳಪು ಸಾಯುವವರೆಗೆ ಸಾಕು, ಲೋಹ ಅಳುವವರೆಗೆ ಬೇಡ.
ಈ ಸ್ಕ್ರೂ ನೋಡು, ಕಬ್ಬಿಣದ್ದು.
ಎರಡು ಲೋಹ, ಒಂದೇ ಹಾಸಿಗೆ, ನಡುವೆ ಉಪ್ಪುನೀರು.
ಸವೆಯುವುದು ಮೆತ್ತಗಿನದೇ.
ಸಂಸಾರದ ಮಾತಾಡುತ್ತಿಲ್ಲ, ನಗಬೇಡ,
ಸ್ಕ್ರೂ ಬದಲಿಸು ಅಂತಿದ್ದೇನೆ.

ಸರಿ, ಮರಳಿನ ವಿಷಯ.

ಬೆಳಗ್ಗೆ ನೀನು ಬರುವ ಮೊದಲು ಕಂಬಗಳನ್ನು ತಟ್ಟಿ ನೋಡಿದೆ.
ಮೂರು ಖಾಲಿ ಡಬ್ಬದಂತೆ ಮೊಳಗಿದವು,
ನಾಲ್ಕನೆಯದು ಚೀಲದಂತೆ ದೊಪ್ಪೆಂದಿತು.
ಬುಡದಲ್ಲಿ ನೀರಿಳಿಯಲೆಂದೇ ಕಿರುಬೆರಳಿನಷ್ಟು ತೂತಿರುತ್ತದೆ;
ಯಾರೋ ಮೇಣ ಮೆತ್ತಿ, ಅದರ ಮೇಲೆ ಬಣ್ಣವನ್ನೂ ಬಳಿದಿದ್ದರು.
ಮೊಳೆ ಹಾಕಿ ಕೆದಕಿದೆ.
ಮೊದಲು ಏನೂ ಇಲ್ಲ.
ಆಮೇಲೆ ಕಪ್ಪು ನೀರು, ಒಂದೇ ಗುಟುಕು.
ಆಮೇಲೆ, ಅಕ್ಕಿಮೂಟೆಗೆ ಇಲಿ ತೂತು ಕೊರೆದಂತೆ,
ಮರಳು.
ಒಂದು ಬೊಗಸೆ, ಎರಡು ಬೊಗಸೆ,
ಸಿಂಪಿಚಿಪ್ಪಿನ ಚೂರು,
ಒಂದು ನೀಲಿ ಗುಂಡಿ, ನಾಲ್ಕು ಕಣ್ಣಿನದು.

ಅರ್ಸುಲೀನ್ ಫಯಾರ್ ಕಾಫಿ ಹಿಡಿದು ಬಾಗಿಲಿಗೆ ಬಂದಳು.
ತೂತು ನಾನೇ ಮುಚ್ಚಿದ್ದು, ಅಂದಳು, ಇರುವೆ ಬರುತ್ತಿತ್ತು.
ಆಮೇಲೆ ಸುಮ್ಮನಾದಳು.
ಆ ಬಿರುಗಾಳಿಯ ರಾತ್ರಿ ಕಡಲು ಈ ಮೆಟ್ಟಿಲು ಹತ್ತಿತಂತೆ.
ಬೆಳಗಾದಾಗ ಮನೆಯಿಲ್ಲ,
ನಾಲ್ಕು ಕಂಬ ಮಾತ್ರ, ತಲೆಯ ಮೇಲೆ ಸೂರಿಲ್ಲದೆ,
ಆಕಾಶಕ್ಕೆ ಬಾಯಿ ಕಳೆದು ನಿಂತಿದ್ದವಂತೆ.
ಅವುಗಳ ಮೇಲೇ ಮತ್ತೆ ಸೂರು ಕೂರಿಸಿದರು.
ಏನು ನುಂಗಿವೆ ಎಂದು ಯಾರೂ ಕೇಳಲಿಲ್ಲ.

ಗುಂಡಿ ಎತ್ತಿಕೊಟ್ಟೆ.
ತಿರುಗಿಸಿ, ಕನ್ನಡಕ ಏರಿಸಿ, ಬಹಳ ಹೊತ್ತು ನೋಡಿ
ನಮ್ಮ ಮನೆಯದಲ್ಲ, ಅಂದಳು.
ಅಂದು, ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು.

ಇಬ್ಬನಿ ಆರಿ, ಕಡಲಗಾಳಿ ಏಳುವ ಮೊದಲು
ನಮಗೆ ಸಿಗುವುದು ಎರಡೇ ಗಂಟೆ.
ಪ್ರೈಮರ್ ತೆಳ್ಳಗಿರಲಿ, ಒಂದೇ ದಿಕ್ಕಿಗೆ ಎಳೆ,
ಹಚ್ಚಿದ ಮೇಲೆ ಕೈಕಟ್ಟಿ ಕೂರು;
ಬೆರಳಿಟ್ಟು ಪರೀಕ್ಷಿಸಿದವನ ಗುರುತು ವರ್ಷಗಟ್ಟಲೆ ಉಳಿಯುತ್ತದೆ.
ತೂತಿಗೆ ಮಾತ್ರ ಬಣ್ಣ ತಾಗಿಸಬೇಡ.

ಮರಳು ಗುಡಿಸಲೇ ಎಂದು ಕೇಳಿದ್ದೆ.
ಸಂಜೆವರೆಗೆ ಇರಲಿ, ಅಂದಳು.
ಹಾರಿ ಹಸಿ ಬಣ್ಣಕ್ಕೆ ಕೂರುತ್ತದೆ ಎನ್ನಲು ಹೋಗಿ
ಬಾಯಿ ಮುಚ್ಚಿಕೊಂಡೆ.

ಹಾಗಾಗಿ, ಖ್ವಾ, ಇವತ್ತು ಮೂರೇ ಕಂಬ.