ಹತ್ತಕ್ಕೆ ಆರೂವರೆ

ಡಂಡೀ. ಟೇ ನದಿಯ ಮೇಲೆ ನಾಲ್ಕಕ್ಕೇ ಕತ್ತಲು.
ಐಲಿ ಎಂಬ ಹುಡುಗಿ ಕಟ್ಟಿದ ಆಟ;
ತೀರ್ಪುಗಾರ್ತಿ ನಾನು, ಕಿವಿಯ ಸಂದಿಯಲ್ಲಿ ಪೆನ್ಸಿಲು.

ತಿರುವಿನಲ್ಲೊಂದು ಬುರುಜು ನಿಲ್ಲಿಸಿದೆ,
ಸೇತುವೆಯ ಬಾಯಿಗೊಂದು.
ಅಲೆ ಅಲೆಯಾಗಿ ಬಂದರು. ಬಿದ್ದರು.
ಬಿದ್ದವನ ತಲೆಗೆ ಐದು ನಾಣ್ಯ,
ಆ ದುಡ್ಡಿಗೇ ಮತ್ತೊಂದು ಬುರುಜು.
ಬಣ್ಣ ಪರವಾಗಿಲ್ಲ. ನಾಣ್ಯದ ಲೆಕ್ಕ ಸಡಿಲ. ಸದ್ದು ಅತಿ.
ಆರು, ಎಂದು ಬರೆದೆ.

ಹದಿನೇಳನೇ ಅಲೆಯ ಬಾಲದಲ್ಲಿ
ಒಬ್ಬ, ಕುಂಟುತ್ತ.
ಎರಡು ಹೆಜ್ಜೆಗೊಮ್ಮೆ ನಿಂತು
ಹಿಂದೆ ಬಿದ್ದವರ ಕಡೆ ತಿರುಗಿ ನೋಡುತ್ತಾನೆ.
ಕೋಡಿನ ತಪ್ಪೋ, ಬೇಕೆಂದೇ ಬರೆದದ್ದೋ?
ಕೇಳಿದೆ. ಐಲಿ ಉಗುರು ಕಚ್ಚಿದಳು.

ಸೇತುವೆಯ ಬುರುಜನ್ನು ಅರ್ಧ ಬೆಲೆಗೆ ಮಾರಿಬಿಟ್ಟೆ.
ದಾಟಿದ. ನನ್ನದೊಂದು ಜೀವ ಹೋಯಿತು.

ಆರರ ಪಕ್ಕ ಅರ್ಧ ಸೇರಿಸಿ
ಕಾರಣದ ಖಾನೆಯಲ್ಲಿ ಬರೆದೆ:
ಬಣ್ಣ ಚೆನ್ನಾಗಿದೆ.