ಐಸ್ ಪ್ಲಾಂಟಿನ ಹಿಂದೆ

ಮಲ್ಪೆ ದಕ್ಕೆಯಲ್ಲಿ, ಐಸ್ ಪ್ಲಾಂಟಿನ ಗೋಡೆಯ ಹಿಂದೆ
ಹತ್ತು ಮಾರು ಜಾಗ: ಅಲ್ಲಿ ಫೋನು ಸತ್ತುಹೋಗುತ್ತದೆ.
ಬೆಲೆ ಕೂಗುವ ಬೇಬಿಯಕ್ಕ ಒಂದು ಕೈಯಲ್ಲಿ ಬಂಗುಡೆ ಹಿಡಿದು
ಇನ್ನೊಂದರಲ್ಲಿ ಫೋನೆತ್ತಿ ಗೋಡೆಯಾಚೆ ಓಡುತ್ತಾಳೆ;
ಕೇರಳದ ಲಾರಿಯವನು ಅಷ್ಟರಲ್ಲಿ ಬೇರೆ ರಾಶಿಗೆ ಕೈಹಾಕಿರುತ್ತಾನೆ.

ನನಗೆ ಸಿಕ್ಕ ಸಮಸ್ಯೆ ಇಷ್ಟೇ.
ಕರೆಂಟಿಲ್ಲದೆ, ಹೊಸ ಟವರಿಲ್ಲದೆ
ಎದುರು ಗೋಡೆಗೆ ಒಂದು ಹಲಗೆ ಹೊಡೆದು
ಬಂದ ಅಲೆಯನ್ನು ಓರೆಯಾಗಿ ಈ ಮೂಲೆಗೆ ತಿರುಗಿಸಬೇಕು.

ಕನ್ನಡಿಯಾದರೆ ಬಂದ ಕೋನದಲ್ಲೇ ಸಾಗಹಾಕುತ್ತದೆ,
ಅದಕ್ಕೆ ಅಷ್ಟೇ ಬುದ್ಧಿ.
ನನ್ನ ಹಲಗೆಯಲ್ಲಿ ಬೆರಳಗಲಕ್ಕೊಂದು ತಾಮ್ರದ ಚೌಕ,
ಒಂದಕ್ಕಿಂತ ಇನ್ನೊಂದು ಕೂದಲೆಳೆ ದೊಡ್ಡದು.
ಅಲೆ ಎಂಟೂವರೆ ಸೆಂಟಿಮೀಟರ್, ಬಂಗುಡೆ ಮರಿಯಷ್ಟು;
ತನಗಿಂತ ಕಿರಿದಾದ ಕಣ್ಣು ಅದಕ್ಕೆ ಕಾಣುವುದಿಲ್ಲ,
ಬಲೆಯನ್ನೇ ಮೈಯೆಂದು ತಿಳಿದು ತಾಗುತ್ತದೆ.

ಇದನ್ನು ಮಾವನಿಗೆ ವಿವರಿಸಿದ್ದೆ. ಹರಿದ ಬಲೆ ಹೊಲಿಯುತ್ತ ಕೂತಿದ್ದರು.
“ಕೈರಂಪಣಿ ಎಳೆಯುವಾಗ ತೆಂಕಿನವರು ತಡೆದು ನಿಂತರೆ,
ಪಕ್ಕದವರು ಅದಕ್ಕಿಂತ ಕೊಂಚ ಕಡಿಮೆ ತಡೆದರೆ,
ಬಲೆ ತಾನಾಗಿ ತೆಂಕಕ್ಕೆ ವಾಲುತ್ತದೆ. ಅಷ್ಟೆಯಾ?”
ಅಷ್ಟೆ, ಮಾವ.
ಅಷ್ಟಕ್ಕೆ ನನಗೆ ಮೂರು ವರ್ಷ ಹಿಡಿಯಿತು.

ಕಂಪ್ಯೂಟರಿನೊಳಗೆ ನೂರಕ್ಕೆ ತೊಂಬತ್ತೇಳು ತಿರುಗಿತ್ತು.
ಅಲ್ಲಿ ತಾಮ್ರಕ್ಕೆ ಕಿಲುಬಿಲ್ಲ, ಅಂಚು ಕರಗುವುದಿಲ್ಲ.
ಬೈಕಂಪಾಡಿಯ ಇದಿನಬ್ಬ ತೊಟ್ಟಿಯಿಂದ ಹಲಗೆ ಎತ್ತಿ ಹೇಳಿದ:
“ಮೇಡಂ, ನಿಮ್ಮ ದಶಮಾಂಶ ನನ್ನ ಆಸಿಡ್‌ಗೆ ಓದಲು ಬರುವುದಿಲ್ಲ.”
ಅಗ್ಗದ ಹಸಿರು ಹಲಗೆ ಕಾಲುಭಾಗ ಅಲೆಯನ್ನು ತಾನೇ ನುಂಗಿತು.
ಉಳಿದ ಲೆಕ್ಕವನ್ನು ಉಪ್ಪುಗಾಳಿ
ಒಂದೇ ಮಳೆಗಾಲದಲ್ಲಿ ತಿದ್ದಿ ಕೊಟ್ಟಿತು.

ಆಮೇಲೆ ಬಿಡುವುದನ್ನು ಕಲಿತೆ:
ಚೂಪು ಉತ್ತರ ಬಿಟ್ಟು ಅಗಲದ ಉತ್ತರ,
ಇದಿನಬ್ಬನ ಕೈ ತಪ್ಪಿದರೂ ತಪ್ಪದ ಚೌಕ,
ಮೇಲೆ ದೋಣಿ ಕಟ್ಟುವವರ ರೆಸಿನ್, ತೆಳುವಾಗಿ ಒಂದು ಪದರ.
ನೂರಕ್ಕೆ ಅರವತ್ತೊಂದು.
ಬರೆದುಕೊಳ್ಳುವಾಗ ನಾಚಿಕೆಯಾಗಿತ್ತು.

ನಿನ್ನೆ ನಸುಕಿನ ಐದಕ್ಕೆ ಬೇಬಿಯಕ್ಕ ಗೋಡೆಗೊರಗಿ ನಿಂತೇ
ಲಾರಿಯವನಿಗೆ ಬೆಲೆ ಹೇಳಿದಳು, ಬೈದಳು, ಮುಗಿಸಿದಳು.
ಎದುರಿನ ಹಲಗೆಯತ್ತ ತಿರುಗಿಯೂ ನೋಡಲಿಲ್ಲ.

ಇವತ್ತು ಫೋನು ಮತ್ತೆ ಸತ್ತಿದೆಯೆಂದು
ಗೋಡೆಯಾಚೆಯಿಂದ ಕರೆ.
ಮೀಟರು, ಏಣಿ, ಲೆಕ್ಕದ ಪುಸ್ತಕ ಹೊತ್ತು ಓಡಿದೆ.
ಹಲಗೆಯ ಮೊಳೆಗೆ ಯಾರದೋ ಒದ್ದೆ ಬೈರಾಸು,
ನೀರು ತೊಟ್ಟಿಕ್ಕುತ್ತಿದೆ.

ತೆಗೆದು, ಹಿಂಡಿ, ಪಕ್ಕದಲ್ಲಿ ಇನ್ನೊಂದು ಮೊಳೆ ಹೊಡೆದೆ.
ವಿನ್ಯಾಸದಲ್ಲಿ ಅದೊಂದು ಬಿಟ್ಟುಹೋಗಿತ್ತು.